ಓ ಅಂದವನು ಯಾವ ಭರಮಪ್ಪ?

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ಸಾಸಿವೆ ಕಾಳಿನಷ್ಟು ಸುಳ್ಳಿದ್ದರೆ ನಾಳೆಯಿಂದ ನನ್ನ ರೊಟ್ಟಿ ಹಂಚಿನ ಮೇಲೆ ಉಬ್ಬದೇ ಹೋಗಲಿ. ಸುಣಗೇರಿಗೆ ಹೋಗಿ ಯಾರನ್ನು ಬೇಕಾದರೂ ಕೇಳಿ. ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಆ ಮಾತು ಬೇರೆ. ಯಾಕೆ ಬಿಡುವುದಿಲ್ಲ ಅನ್ನುವುದೇ ಈ ಕಥೆ.

ಸುಣಗೇರಿಯಲ್ಲಿ ಮನೆ ಮನೆಗೆ ನೀರು ಬಿಡುವ ಕೆಲಸ ಭರಮಪ್ಪನದು. ಊರಿಗೆಲ್ಲ ಹದಿನೇಳು ವಾಲ್ವು. ನೆಲದೊಳಗೆ ಯಾವ ಪೈಪು ಎಲ್ಲಿ ಹೋಗಿ ಎಲ್ಲಿ ಹೊರಳುತ್ತದೆ ಅನ್ನುವ ನಕ್ಷೆ ಒಂದು ಕಾಲಕ್ಕೆ ಪುರಸಭೆಯ ಕಪಾಟಿನಲ್ಲಿತ್ತು. ಅದನ್ನು ಗೆದ್ದಲು ಓದಿ ಮುಗಿಸಿದ ಮೇಲೆ ನಕ್ಷೆ ಉಳಿದದ್ದು ಭರಮಪ್ಪನ ರಟ್ಟೆಯಲ್ಲಿ ಮಾತ್ರ. ಕುಂಬಾರ ಓಣಿಯ ವಾಲ್ವಿಗೆ ಹನ್ನೊಂದು ಸುತ್ತು ಮುಂದಕ್ಕೆ, ಅರ್ಧ ಸುತ್ತು ಹಿಂದಕ್ಕೆ. ಪಿಂಜಾರ ಓಣಿಯದಕ್ಕೆ ಮೊದಲು ಒಂದು ಒದೆ, ಆಮೇಲೆ ಚಾವಿ. ತನ್ನಷ್ಟೇ ಎತ್ತರದ ಕಬ್ಬಿಣದ ಚಾವಿ ಹೆಗಲಿಗಿಟ್ಟು ಅವನು ಬರುತ್ತಿದ್ದರೆ ಓಣಿಯ ಕೊಡಗಳೆಲ್ಲ ತಾವಾಗಿ ಎದ್ದು ಸಾಲು ನಿಲ್ಲುತ್ತಿದ್ದವು ಅನ್ನುತ್ತಾರೆ. ನಾನು ನೋಡಿಲ್ಲ, ಅದಕ್ಕೇ ಆಣೆ ಮಾಡುವುದಿಲ್ಲ.

ಅವನ ಹೆಂಡತಿ ಬಾಳವ್ವ. ಮದುವೆಯಾಗಿ ಮೂವತ್ತು ವರ್ಷ, ಮಕ್ಕಳಿಲ್ಲ. ಎಲ್ಲ ಹೆಂಗಸರ ಹಾಗೆ ಅವಳೂ ಗಂಡನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯವನು ಯಜಮಾನನ ಹೆಸರು ಕೇಳಿದರೆ ಪಕ್ಕದ ಮನೆಯ ರಾಜಾಬಿಯ ಮುಖ ನೋಡುವಳು, ರಾಜಾಬಿ ಹೇಳುವಳು. ರಾಜಾಬಿಯ ಗಂಡನ ಹೆಸರು ಬಾಳವ್ವ ಹೇಳುವಳು. ಹೀಗೆ ಇಬ್ಬರ ಸಂಸಾರವೂ ಕೊಡುಕೊಳ್ಳುವಿಕೆಯಲ್ಲಿ ನೆಮ್ಮದಿಯಾಗಿ ನಡೆದಿತ್ತು.

ಆ ವರ್ಷ ನದಿಯ ಪೈಪಿನಲ್ಲಿ ನೀರು ಕಡಿಮೆಯಾಗಿ ಎಂಟು ದಿನಕ್ಕೊಮ್ಮೆ ಬರುವುದು ಹದಿನೈದಕ್ಕೆ ಹೋಯಿತು. ಆಗ ಊರಿನ ಕಣ್ಣು ಬಿದ್ದದ್ದು ಹಿರೇಕೆರೆಯ ತೂಬಿನ ಕಲ್ಲಿನ ಮೇಲೆ. ಅದರಲ್ಲಿ ಎಂಟುನೂರು ವರ್ಷದ ಹಿಂದೆ ಕೊರೆದ ಒಂದು ಸಾಲು: ಭರಮಪ್ಪ ಮಾಡಿದ ಎರಡು ತೂಬುಗಳಲ್ಲಿ ಇದು ಒಂದು. ಒಂದು ಕೆರೆಯಿಂದ ನೀರು ಬಿಡುವ ತೂಬು, ಇನ್ನೊಂದು ಗುಡ್ಡದ ಸೆಲೆಯಿಂದ ಕೆರೆಗೆ ನೀರು ತರುವ ಒಳತೂಬು ಅಂತ ಓದಿದವರು ಹೇಳಿದರು. ಆ ಎರಡನೆಯದು ಎಲ್ಲಿದೆ? ಮಾಡಿದ ಭರಮಪ್ಪನನ್ನೇ ಕೇಳಬೇಕು.

ಕೇಳುವ ಯಂತ್ರ ಊರಿನಲ್ಲೇ ಇತ್ತು. ಮುಚ್ಚಿದ ಹತ್ತಿ ಗಿರಣಿಯ ಗೋದಾಮಿನಲ್ಲಿ ಡಾಕ್ಟರ್ ವಿದುಲಾ ಹಂಚಿನಮನಿ ಅನ್ನುವ ಮೇಡಂ ಆರು ವರ್ಷದಿಂದ ಅದನ್ನು ಕಟ್ಟುತ್ತಿದ್ದರು. ಅದಕ್ಕೆ ಇಂಗ್ಲಿಷಿನ ಒಂದು ಗಜ ಉದ್ದದ ಹೆಸರಿತ್ತಂತೆ. ಊರಿನವರು ಓ ಮಿಷನ್ ಅಂದರು.

ಮೇಡಂ ಧಾರವಾಡದವರು. ಬಾಳವ್ವ, ಭರಮಪ್ಪ ಇಬ್ಬರನ್ನೂ ಕುರ್ಚಿಯ ಮೇಲೆ ಕೂರಿಸಿ ತಿಳಿಸಿ ಹೇಳಿದರು.

"ನೋಡ್ರಿ, ಮನುಷ್ಯಾ ನಿದ್ದಿಯೊಳಗಿದ್ರೂ ತನ್ನ ಹೆಸರು ಕಿವಿಗೆ ಬಿದ್ರ ತಲಿಯೊಳಗ ಒಂದು ಕಿಡಿ ಹಾರ್ತದ. ಆ ಕಿಡಿ ಆರೂದಿಲ್ಲ. ಸುಣ್ಣದ ಗಾರಿ, ಕೆರಿ ಮಣ್ಣು, ಹಂಥಾದ್ರೊಳಗ ಹೋಗಿ ಕೂಡ್ತದ. ಜೀವಮಾನದಾಗ ಎಷ್ಟು ಸಲ ಕರದಾರೋ ಅಷ್ಟು ಪದರ. ಈ ಮಿಷನ್ನು ಆ ಪದರ ಎಬ್ಬಸ್ತದ."

"ಎಬ್ಬಿಸಿದ್ರ ಎದ್ದು ಎಲ್ಲಿ ಕುಂದರ್ತಾವ್ರಿ?" ಅಂದ ಭರಮಪ್ಪ.

"ಅದಕ್ಕ ನಿಮ್ಮನ್ನ ಕರಸಿದ್ದು. ಕೂಡಾಕ ಒಂದು ತಲಿ ಬೇಕು, ಅದ ಹೆಸರಿಗೆ ಹೊರಳಿ ಹೊರಳಿ ರೂಢಿಯಾದ ತಲಿ."

"ಆ ತೂಬಿನವ್ರು ನಮ್ಮ ಮಂದಿ ಅಲ್ರೀ. ನಮ್ಮ ಹಿರ್ಯಾರು ಬಂದದ್ದು ಕೃಷ್ಣಾ ಹೊಳಿ ಆಚಿಗಿಂದ."

"ಸಂಬಂಧ ಬ್ಯಾಡ. ಹೆಸರೊಂದ ಸಾಕು."

ಊರಿನಲ್ಲಿ ಭರಮಪ್ಪಂದಿರು ಇನ್ನೂ ಇಬ್ಬರಿದ್ದರು. ಒಬ್ಬನಿಗೆ ಕಿವಿ ಕೇಳದು, ಇನ್ನೊಬ್ಬ ತೊಟ್ಟಿಲಲ್ಲಿದ್ದ. ಹಾಗಾಗಿ ಇವನೇ ಗತಿ.

"ನಾ ಏನ್ ಮಾಡ್ಬೇಕ್ರಿ?"

"ಮಲಗೋದು. ಕಾಲು ತಾಸು ಆ ಹಿರ್ಯಾರು ನಿಮ್ಮ ಬಾಯಿಂದ ಮಾತಾಡ್ತಾರ. ಆಮ್ಯಾಲೆ ಮಿಷನ್ ಆರಿಸ್ತೀವಿ. ಆಗ ನಿಮಗ ಬೇಕಾದವ್ರು ನಿಮ್ಮನ್ನ ಕರೀಬೇಕು. ನಿಮ್ಮ ತಲಿಗೆ ರೂಢಿಯಾದ ದನಿಗೆ ನೀವು ಎದ್ದು ಬರ್ತೀರಿ, ಅವ್ರು ಹಿಂದ ಸರೀತಾರ." ಮೇಡಂ ಬಾಳವ್ವನ ಕಡೆ ತಿರುಗಿದರು. "ಮನಿಯೊಳಗ ಇವ್ರನ್ನ ಭಾಳ ಕರಿಯೋರು ನೀವ ಅಲ್ರೀ?"

ಬಾಳವ್ವ ಸೆರಗಿನ ತುದಿ ಹಿಡಿದುಕೊಂಡಳು. ಇಷ್ಟು ಓದಿದ ಹೆಣ್ಣುಮಗಳು, ಇಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾಳೆ. ಇಲ್ಲ ಅಂದರೆ ಗಂಡನಿಗೆ ಬೇಡವಾದವಳು ಅಂದುಕೊಂಡಾಳು. "ಹೂಂ" ಅಂದಳು.

ಭರಮಪ್ಪ ಅವಳ ಮುಖ ನೋಡಿದ. ನಾಲ್ಕು ಮಂದಿಯೆದುರು ಹೆಂಡತಿಯ ಮಾತು ತೆಗೆದುಹಾಕುವ ಗಂಡಸಲ್ಲ ಅವನು. ಆ ಒಳ್ಳೆಯತನವೇ ಅವನಿಗೆ ಮುಳುವಾಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪ್ರಯೋಗ. ಭರಮಪ್ಪ ಮಂಚದ ಮೇಲೆ ಮಲಗಿದ. ತಲೆಗೆ ಜಾಳಿಗೆಯಂಥದೊಂದು ಟೊಪ್ಪಿಗೆ, ಬಗಲಿಗೆ ಹಿರೇಕೆರೆಯ ಏರಿಯಿಂದ ತಂದ ಎರಡು ಬುಟ್ಟಿ ಗಾರೆ. ಯಂತ್ರ ಗುಂಯ್ ಅಂದಿತು. ಮೇಡಂ ಮೈಕಿನಲ್ಲಿ ಮೂರು ಸಲ ಕರೆದರು: "ಭರಮಪ್ಪಾ... ಭರಮಪ್ಪಾ... ಭರಮಪ್ಪಾ..."

"ಓ" ಅಂದ ಮಂಚದ ಮೇಲಿನವನು. ಗಂಟಲು ಅದೇ, ದನಿ ಅದಲ್ಲ. ಬಾವಿಯ ತಳದಿಂದ ಬಂದ ಹಾಗಿತ್ತು. "ಎನ್ನ ಕರೆದವರಾರು? ಕೆರೆ ಒಡೆಯಿತೆ?"

ಮೇಡಂಗೆ ಕಣ್ಣಲ್ಲಿ ನೀರು. ಪುರಸಭೆ ಅಧ್ಯಕ್ಷ ಪಂಪಣ್ಣನಿಗೆ ಬಾಯಲ್ಲಿ ನೀರು. "ಎರಡನೇ ತೂಬು ಎಲ್ಲೈತಿ ಕೇಳ್ರಿ, ಮದ್ಲ ಅದನ್ನ ಕೇಳ್ರಿ" ಅಂತ ಪಂಪಣ್ಣ ಮೈಕಿಗೇ ಕೈ ಹಾಕಿದ.

"ಕೆರೆಯನ್ನು ಕಾಣದೆ ಎಂತು ಹೇಳಲಿ? ಕರೆದೊಯ್ಯಿರಿ, ತೋರುವೆ" ಅಂದಿತು ಆ ದನಿ. ಅಷ್ಟರಲ್ಲಿ ಕಾಲು ತಾಸು ತುಂಬಿತು. ಮೇಡಂ ಗುಂಡಿ ಒತ್ತಿದರು, ಯಂತ್ರ ಸುಮ್ಮನಾಯಿತು.

"ಈಗ ಕರೀರಿ ಬಾಳವ್ವಾ."

ಬಾಳವ್ವ ಮಂಚದ ಹತ್ತಿರ ಹೋದಳು. ನಾಲಿಗೆ ಒಳಗೆ ಮಡಚಿಕೊಂಡು ಕುಳಿತಿತ್ತು.

"ಲಗೂ ಕರೀರಿ, ಗಾರಿ ಹಸಿ ಇದ್ದಾಗ ಕೈ ಆಡಿಸ್ಬೇಕು."

"ರಾಜಾಬಿ ಬಂದಾಳೇನ್ರಿ?" ಅಂದಳು ಬಾಳವ್ವ ಸಣ್ಣಗೆ.

"ರಾಜಾಬಿ ಯಾಕ? ನಿಮ್ಮ ದನಿ ಬೇಕು. ಹೆಸರು ಹಿಡದು, ಜೋರಾಗಿ!"

ಮಂಚದ ಮೇಲೆ ಗಂಡನ ಮುಖ ಒರೆಸಿಟ್ಟ ಪಾಟಿಯ ಹಾಗಿತ್ತು. ಬಾಳವ್ವ ಸೆರಗನ್ನು ಪೂರಾ ಮುಖಕ್ಕೆಳೆದುಕೊಂಡಳು, ಕಣ್ಣು ಮುಚ್ಚಿದಳು, ಮನೆದೇವರ ಹತ್ತಿರ ತಪ್ಪಾಯಿತು ಅಂದಳು, ಮೂವತ್ತು ವರ್ಷದಲ್ಲಿ ಮೊದಲ ಸಲ ಕರೆದಳು.

"ಭರಮಪ್ಪಾ!"

"ಓ!" "ಓ!" "ಓ!"

ಒಂದೇ ಬಾಯಿ, ಮೂರು ದನಿ. ಒಂದು ಬಾವಿಯ ತಳದ್ದು. ಒಂದು ಗಡಸು, ಬಂಡೆಗೆ ಲಾಳ ಬಡಿದ ಹಾಗೆ. ಇನ್ನೊಂದು ಸಣ್ಣಗೆ ಇಂಪಾಗಿ, ಹಾಡಿನ ಮೊದಲ ಎಳೆಯ ಹಾಗೆ. ಆ ಮೂರರಲ್ಲಿ ಅವಳ ಗಂಡನದು ಒಂದೂ ಇರಲಿಲ್ಲ.

ಮನೆಗೆ ಕರೆತಂದದ್ದು ಒಬ್ಬನನ್ನೇ, ಅಂದರೆ ಮೈ ಒಂದೇ. ಒಳಗಿನವರ ಲೆಕ್ಕ ಸಿಕ್ಕುವುದಕ್ಕೆ ಬಾಳವ್ವನಿಗೆ ಎರಡು ದಿನ ಬೇಕಾಯಿತು.

ಒಬ್ಬ ತೂಬಿನ ಭರಮಪ್ಪ. ಸಾಧು ಮನುಷ್ಯ. ಕೂತಲ್ಲೇ ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಬಡಿಯುವನು, "ಈ ಗೋಡೆ ಪೊಳ್ಳು ತಾಯೆ" ಅನ್ನುವನು. ಇನ್ನೊಬ್ಬ ಪಹರೆ ಭರಮಪ್ಪ, ಮುನ್ನೂರು ವರ್ಷದ ಹಿಂದೆ ಯಾವುದೋ ದೇಸಾಯರ ವಾಡೆಯ ಬಾಗಿಲು ಕಾಯುತ್ತಿದ್ದವನು. ಒನಕೆ ಹಿಡಿದು ಹೊಸ್ತಿಲಲ್ಲಿ ನಿಂತರೆ ಬೆಕ್ಕನ್ನೂ ಒಳಗೆ ಬಿಡನು. ಮೂರನೆಯವನು ನಾಟಕದ ಭರಮಪ್ಪ. ನೂರು ವರ್ಷದ ಹಿಂದೆ ಕಂಪನಿ ನಾಟಕದಲ್ಲಿ ಹೆಣ್ಣಿನ ಪಾರ್ಟು ಮಾಡಿ ಹೆಸರಾದವನು. ಬಾಳವ್ವ ಸ್ನಾನ ಮುಗಿಸಿ ಬರುವುದರೊಳಗೆ ಅವಳ ಇಳಕಲ್ ಸೀರೆ ಉಟ್ಟು ಕನ್ನಡಿಯ ಮುಂದೆ ಕೂತಿದ್ದ.

"ಸಖೀ, ಈ ನೆರಿಗೆ ಹಿಡಿಯಲು ನಿನಗೆ ಯಾರು ಕಲಿಸಿದರು? ಕತ್ತೆಯ ಬಾಲದ ಹಾಗಿದೆ" ಅಂತ ಅವಳಿಗೇ ನೆರಿಗೆ ತಿದ್ದಿದ. ಚೆಂದವಾಗಿಯೇ ತಿದ್ದಿದ. ಅದಕ್ಕೇ ಬಾಳವ್ವನಿಗೆ ಅಳು ಬಂತು.

ರಾಜಾಬಿ ಮಜ್ಜಿಗೆ ತಂದರೆ ಬಾಗಿಲಲ್ಲಿ ಒನಕೆ ಅಡ್ಡ.

"ಯಾರದು? ಗುರುತಿನ ಮಾತು ಹೇಳು!"

"ಅರೆ ನಿನ್ನ! ದಿನಾ ನನ್ನ ಕೈಯಾಗಿನ ಮಜ್ಜಗಿ ಕುಡದು ಬೆಳದಿ, ಗುರುತು ಕೇಳ್ತಿ? ಬಾಳವ್ವಾ, ಇಂವ ಯಾಂವ ಈಗ?"

"ಕಾಯೋನು" ಅಂದಳು ಬಾಳವ್ವ ಒಳಗಿನಿಂದ. "ಗುರುತಿನ ಮಾತು ಏನರೆ ಒಂದು ಅನ್ನು. ನಿನ್ನೆ ನಾ ಬದನಿಕಾಯಿ ಅಂದೆ, ಬಿಟ್ಟಾ."

ಊರಿನ ಫಜೀತಿ ಬೇರೆ. ಚಾವಿ ಮೂಲೆಯಲ್ಲಿ ನಿಂತಿತು. ಪಂಪಣ್ಣ ಬೇರೆ ಇಬ್ಬರನ್ನು ವಾಲ್ವಿಗೆ ಕಳಿಸಿದ. ಅವರು ಹನ್ನೊಂದು ಸುತ್ತಿಗೆ ಹನ್ನೆರಡು ತಿರುವಿ ಕುಂಬಾರ ಓಣಿಯಲ್ಲಿ ನಡುರಸ್ತೆಯಿಂದ ಕಾರಂಜಿ ಎಬ್ಬಿಸಿದರು. ಮೂರು ಕುರಿ, ಒಂದು ಸೈಕಲ್ಲು ತೇಲಿಹೋದವು. ಉಳಿದ ಹದಿನಾರು ಓಣಿಗಳಲ್ಲಿ ಕೊಡಗಳು ಬಾಯಿ ತೆರೆದುಕೊಂಡೇ ಕುಳಿತವು.

ನಾಲ್ಕನೇ ದಿನ ಬಾಳವ್ವ ಗಿರಣಿಗೆ ಹೋದಳು. ಮೇಡಂ ಮೂರು ದಿನದಿಂದ ತಲೆ ಬಾಚಿರಲಿಲ್ಲ. ಗಾಜಿನ ಪರದೆಯ ಮೇಲೆ ಗೆರೆಗಳು ಹುಳುವಿನ ಹಾಗೆ ಹರಿದಾಡುತ್ತಿದ್ದವು.

"ಒಂದು ಖರೇ ಹೇಳ್ರಿ. ನೀವು ಅವ್ರನ್ನ ಹೆಸರು ಹಿಡದು ಕರೀತಿದ್ರೋ ಇಲ್ಲೋ?"

"ಯಾರರೆ ಕರೀತಾರೇನ್ರಿ ಮೇಡಮ್ಮಾರ?"

"ಒಂದು ಸಲಾನೂ?"

"ಅವತ್ತ ಮದ್ಲನೇದು."

ಮೇಡಂ ಕುರ್ಚಿಗೆ ಕುಸಿದರು. "ಮತ್ತ ನಾ ಕೇಳಿದಾಗ ಹೂಂ ಅಂದ್ರಲ್ಲ?"

"ನೀವು ಗಂಡಗ ಬೇಕಾದವ್ರು ಯಾರು ಅಂತ ಕೇಳಿದ್ರಿ. ಇಲ್ಲ ಅನ್ನಾಕ ಹೆಂಗ ಬರ್ತೈತ್ರಿ?"

ಮೇಡಂ ತಪ್ಪು ಬಾಳವ್ವನದು ಅಂತ ಅನ್ನಲಿಲ್ಲ, ಅದು ಅವರ ದೊಡ್ಡತನ. "ನಾ ಕೇಳಬೇಕಿತ್ತು, ಏನಂತ ಕರೀತೀರಿ ಅಂತ" ಅಂದರು. ಆಮೇಲೆ ಬಿಡಿಸಿ ಹೇಳಿದರು. "ನೋಡ್ರಿ, ಆ ಮೂರೂ ಮಂದಿ ಹೆಂಡಂದಿರ ಬಾಯೊಳಗ ತಮ್ಮ ಹೆಸರು ಸಾಯೋತನಕ ಕೇಳಿಲ್ಲ. ಗಾರಿಯೊಳಗ ಕುಂತಾಗ ಒಬ್ಬಾಕಿ ಹೆಣ್ಣಮಗಳು, ಅದೂ ಅಷ್ಟು ಜೀವಾ ಇಟಗೊಂಡು, ಹೆಸರು ಹಿಡದು ಕರದ್ಲು. ಮೂರೂ ಮಂದಿ ನುಗ್ಗಿದ್ರು. ತೂಬಿನವ್ರು ಹೋಗೋರಿದ್ರು, ಅವ್ರೂ ನಿಂತ್ರು."

"ನಮ್ಮವ್ರು? ಅವ್ರಿಗೆ ಕೇಳಿಸ್ಲಿಲ್ಲೇನ್ರಿ?"

"ಕೇಳಿಸಿರ್ತದ. ಆದ್ರ ಅವ್ರು ಏನು ತಿಳಕೊಂಡಿರ್ತಾರ? ನನ್ನ ಹೇಣ್ತಿ ಹಿಂಗ ಕರಿಯೂದಿಲ್ಲ. ಇದು ಯಾರದೋ ಹೇಣ್ತಿ, ಯಾವ್ದೋ ಭರಮಪ್ಪನ್ನ ಕರೀಲಿಕತ್ತಾಳ. ನಾ ಯಾಕ ನಡುವ ಹೋಗ್ಲಿ ಅಂತ ಸುಮ್ಮನ ಕುಂತಾರ."

ಬಾಳವ್ವನಿಗೆ ನಗುವೂ ಬಂತು, ಎದೆಯೂ ಒಡೆಯಿತು. ಅದು ಅವನೇ. ಬಸ್ಸಿನಲ್ಲಿ ತನ್ನ ಸೀಟಿನ ಮೇಲೆ ಯಾರಾದರೂ ಕೂತರೆ, ಅವರದೇ ಇರಬೇಕು ಅಂತ ನಿಂತೇ ಬರುವ ಗಂಡಸು.

"ಎಷ್ಟು ದಿನ ಕುಂದರ್ತಾರ್ರೀ ಹಂಗ?"

"ಹನ್ನೊಂದು ದಿನ. ಅಷ್ಟರಾಗ ಬರ್ಲಿಲ್ಲಂದ್ರ ಹೊಸಾ ಗಾರಿ ಒಣಗಿದಂಗ ಒಣಗ್ತದ. ಆಮ್ಯಾಲೆ ಕರದ್ರೂ ಕರೀದಿದ್ರೂ ಅಷ್ಟ."

ಏಳು ದಿನ ಉಳಿದಿತ್ತು. ಬಾಳವ್ವ ಕರೆಯದ ಕರೆಯಿಲ್ಲ. "ಏನ್ರೀ" ಅಂದಳು. ಮೂವರೂ "ಆಂ" ಅಂದರು. ಎಂಟುನೂರು ವರ್ಷದಿಂದ ಎಲ್ಲ ಹೆಂಡಂದಿರೂ ಅದನ್ನೇ ಅನ್ನುತ್ತ ಬಂದಿದ್ದಾರೆ. "ಕೇಳಿಸ್ತೇನ್ರಿ" ಅಂದಳು. ಕಾಯುವವನು "ಕೇಳಿಸಿತು, ಗುರುತಿನ ಮಾತು ಹೇಳು" ಅಂದ. ಮಗುವಾದರೂ ಇದ್ದಿದ್ದರೆ ಇಂಥವನ ಅಪ್ಪಾ ಅಂತ ಕೂಗಬಹುದಿತ್ತು. ಅವನ ಅಣ್ಣ ಬಂದು ಕರೆದ, ಪಂಪ್‌ಹೌಸಿನ ಗೆಳೆಯ ಬಂದು ಬೈದು ಕರೆದ. ಹೆಸರು ಬಾಯಿಂದ ಬಿದ್ದದ್ದೇ ತಡ, ತಲೆಯ ಬಾಗಿಲ ಹತ್ತಿರ ನಿಂತ ಮೂವರಲ್ಲಿ ಒಬ್ಬ ಹಿಡಿದುಕೊಂಡುಬಿಡುವನು. ಒಳಗಿನವನಿಗೆ ಅದು ತಲುಪುವುದೇ ಇಲ್ಲ.

ಇತ್ತ ಪಂಪಣ್ಣ ತೂಬಿನವನನ್ನು ಜೀಪಿನಲ್ಲಿ ಹಿರೇಕೆರೆಗೆ ಕರೆದೊಯ್ದ. ಅವನು ಏರಿಯ ಮೇಲೆ ನಿಂತು ನೋಡಿದ. ಕೆರೆಯ ತುಂಬ ಜಾಲಿ, ಹೂಳು, ಊರಿನ ಪ್ಲಾಸ್ಟಿಕ್ಕು. ಎಂಟುನೂರು ವರ್ಷದ ಮುದುಕ ಮಗುವಿನ ಹಾಗೆ ಅತ್ತ.

"ಹೂಳೆತ್ತದವರಿಗೆ ತೂಬೇಕೆ?" ಅಂದ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

ಆ ಮಾತು ಊರಿಗೆ ಮುಳ್ಳಿನ ಹಾಗೆ ನಾಟಿತು. ಮರುದಿನ ಐವತ್ತು ಮಂದಿ ಕೊಡಲಿ ಹಿಡಿದು ಕೆರೆಗಿಳಿದರು. ಅದರ ಮರುದಿನ ಇನ್ನೂರು. ಸುಣಗೇರಿಯಲ್ಲಿ ಅಷ್ಟು ಜನ ಒಂದೇ ಕೆಲಸಕ್ಕೆ ಬಗ್ಗಿದ್ದನ್ನು ಯಾರೂ ಕಂಡಿರಲಿಲ್ಲ. ಮುದುಕ ಏರಿಯ ಮೇಲೆ ಕೂತು ಅಲ್ಲಿ ಅಗೆಯಿರಿ, ಇಲ್ಲಿ ಬಿಡಿ ಅನ್ನುವನು. ಬಾಳವ್ವ ಬುತ್ತಿ ಒಯ್ದು ದೂರದಿಂದ ನೋಡುವಳು. ಗಂಡನ ಅಂಗಿ, ಗಂಡನ ಬೆನ್ನು, ಗಂಡನ ಬಲಗಾಲಿನ ಆ ಸಣ್ಣ ಕುಂಟು. ತಿರುಗಿದರೆ ಬೇರೆ ಕಣ್ಣು.

ಒಂಬತ್ತನೇ ದಿನ ಪಂಪಣ್ಣ ಮನೆಗೆ ಬಂದ.

"ಯವ್ವಾ ಬಾಳವ್ವಾ, ಒಂದು ಮಾತು. ಈ ಹಿರ್ಯಾ ಇಲ್ಲೇ ಇರ್ಲಿ."

"ಏನಂದ್ರಿ?"

"ಸಿಟ್ಟಾಗಬ್ಯಾಡ. ಎರಡನೇ ತೂಬು ಸಿಕ್ರ ಸಾಲದು, ಅದನ್ನ ತಗಸ್ಬೇಕು, ಕಾಲುವಿ ಕಟ್ಟಸ್ಬೇಕು. ಅದಕ್ಕ ಇಂವ ಬೇಕು. ಆ ಕೈ, ಆ ಕಾಲು, ಆ ಮೈ ಎಲ್ಲಾ ನಿಂದ ಐತಿ. ಮನಿಯಾಗ ಗಂಡಸು ಅದಾನ. ನಿಂಗೇನ್ ಕಮ್ಮಿ ಆತು?"

ಬಾಳವ್ವ ಒಲೆ ಊದುತ್ತಿದ್ದವಳು ತಿರುಗಿದಳು. "ಅಧ್ಯಕ್ಷರ, ನಿಮ್ಮ ಮನ್ಯಾಗ ನಿಮ್ಮಂಗಿ ತೊಟ್ಟು ಬ್ಯಾರೆಯವ್ರು ಕುಂತ್ರ ನಿಮ್ಮ ಹೇಣ್ತಿ ಏನ್ ಕಮ್ಮಿ ಆತು ಅಂತಾಳೇನು?"

"ಅಂದ್ರೂ ಅಂದಾಳು, ಆಕಿನ್ನ ಕೇಳ್ಬೇಕು" ಅಂದಳು ಕಟ್ಟೆಯ ಮೇಲಿದ್ದ ರಾಜಾಬಿ. ಪಂಪಣ್ಣನ ಮುಖ ಸಣ್ಣದಾಯಿತು. ಆದರೆ ಅವನ ಹಿಂದೆ ಓಣಿಯ ಹೆಂಗಸರು ನಿಂತಿದ್ದರು, ಖಾಲಿ ಕೊಡ ಹಿಡಿದು. ಅವರಲ್ಲೊಬ್ಬಳು ಮೆಲ್ಲಗೆ ಅಂದಳು, "ಯಕ್ಕಾ, ಕೂಸಿನ ಅರಬಿ ತೊಳದು ಆರು ದಿನಾತು." ಪಂಪಣ್ಣನಿಗೆ ಬಯ್ಯಬಹುದು. ಆ ಖಾಲಿ ಕೊಡಕ್ಕೆ ಏನಂತ ಬಯ್ಯುವುದು?

ಹತ್ತನೇ ದಿನ ಮಧ್ಯಾಹ್ನ. ಮುದುಕ ತಾನಾಗಿಯೇ ಎರಡನೇ ತೂಬಿನ ಜಾಗ ಹೇಳುತ್ತೇನೆ ಅಂದ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಪಂಪಣ್ಣ ಮೊಬೈಲು ಹಿಡಿದು ಎದುರಿಗೆ ಕೂತ. ಮೇಡಂ ಗೋಡೆಗೊರಗಿ ನಿಂತು ಗಡಿಯಾರ ನೋಡುತ್ತಿದ್ದರು. ಜಾಗ ಹೇಳಿದ ಕೂಡಲೇ ಅವನನ್ನು ಗುಡ್ಡಕ್ಕೆ ಕರೆದೊಯ್ಯುತ್ತಾರೆ, ನಾಳೆಗೆ ಗಾರೆ ಒಣಗುತ್ತದೆ. ಅದು ಬಾಳವ್ವನಿಗೂ ಗೊತ್ತು, ಅವರಿಗೂ ಗೊತ್ತು.

ಬಾಳವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೈ ತನ್ನಷ್ಟಕ್ಕೆ ತಟ್ಟುತ್ತಿತ್ತು. ಕರೆದೂ ಕರೆದೂ ಗಂಟಲು ಕಟ್ಟಿಹೋಗಿತ್ತು. ಹತ್ತು ದಿನ ಬರೇ ಕರೆದದ್ದೇ ಆಯಿತು ಅನ್ನಿಸಿತು ಅವಳಿಗೆ. ಇಷ್ಟು ವರ್ಷ ನಾನು ಎಂದು ಕರೆದಿದ್ದೆ? ಕರೆಯುವುದು ನನ್ನ ಪಾಲಿಗೆ ಬಂದೇ ಇರಲಿಲ್ಲ. ಕರೆಯುತ್ತಿದ್ದವನು ಅವನು. ಚಾವಿ ಗೋಡೆಗೆ ಆನಿಸುವ ಮೊದಲೇ ಅಂಗಳದಿಂದ "ಬಾಳೀ" ಅನ್ನುವನು. ಎದುರಿಗೇ ನಿಂತಿದ್ದರೂ ಅನ್ನುವನು. ಬೇಕಾದದ್ದು ಏನೂ ಇರುತ್ತಿರಲಿಲ್ಲ. ಹತ್ತು ದಿನದಿಂದ ತನ್ನನ್ನು ಯಾರೂ ಹಾಗೆ ಕರೆದಿಲ್ಲ.

ಹೊರಗೆ ಮುದುಕನ ದನಿ ಎದ್ದಿತು. "ಕೇಳಿ ಮಕ್ಕಳಿರಾ. ಎರಡನೆಯ ತೂಬು ಗುಡ್ಡದ ಬುಡದಲ್ಲಿಲ್ಲ. ಅಲ್ಲಿ ಅಗೆದರೆ ಬಂಡೆಯೇ ಸಿಕ್ಕುವುದು. ಅದರ ಬಾಯಿ ಇರುವುದು, ಮೂಡಣ ದಿಕ್ಕಿಗೆ, ಮೊದಲ ತೂಬಿನಿಂದ ನಾನೂರು ಹೆಜ್ಜೆ ನಡೆದು..."

"ಓ... ಬಂದ್ನಿ ತಡೀರಿ!" ಅಂದಳು ಬಾಳವ್ವ.

ಯಾರೂ ಕರೆದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು, ಕರೆದವರಿಗೆ ಹೋಗುವ ಹಾಗೆ ಹೊರಗೆ ಬಂದಳು. ಅಂಗಳವೆಲ್ಲ ಅವಳತ್ತ ತಿರುಗಿತು. ಪಂಪಣ್ಣ "ಏ, ಸುಮ್ಮನಿರವಾ!" ಅಂದ.

ಹೇಳುತ್ತಿದ್ದವನ ಬಾಯಿ ತೆರೆದದ್ದು ತೆರೆದೇ ನಿಂತಿತು. ಹುಬ್ಬು ಗಂಟಾಯಿತು. ಮೊದಲು ಕಾಯುವವನ ಗಡಸು ದನಿ, "ಯಾರ್..." ಅಂತ ಅರ್ಧಕ್ಕೆ ನಿಂತಿತು. ಹಿಂದೆಯೇ ಆ ಇಂಪಿನ ದನಿ, "ಸಖೀ..." ಅಂತ ಕ್ಷೀಣವಾಯಿತು. ಆ ಓ ಅವರಿಗೆ ಸೇರಿದ್ದಲ್ಲ. ಅವರು ಯಾರೂ ಬಾಳವ್ವ ಅನ್ನುವವಳನ್ನು ಕರೆದವರಲ್ಲ. ಅವಳ ಓ ಅಂಗಳದಲ್ಲಿ ತನ್ನ ಕರೆಗಾಗಿ ಕಾಯುತ್ತ ನಿಂತಿತ್ತು, ಮತ್ತು ಕರೆಯಬೇಕಾದವನು ಲೋಕದಲ್ಲಿ ಒಬ್ಬನೇ.

ಅವನು ಕಣ್ಣು ಹಿಸುಕಿಕೊಂಡ. ಅಂಗಳದ ಜಾತ್ರೆ ನೋಡಿದ. ಅವಳ ಹಿಟ್ಟಿನ ಕೈ ನೋಡಿದ.

"ಬಾಳೀ" ಅಂದ. ಆಮೇಲೆ ತುಸು ಸಿಡುಕಿನಿಂದ, "ಅಲ್ಲ, ನಾ ಇನ್ನಾ ಕರದ ಇಲ್ಲ, ಆಗ್ಲೇ ಓ ಅಂತಿಯಲ್ಲ?"

ಬಾಳವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮೇಡಂ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಖಾಲಿ ಕೊಡದ ಹೆಂಗಸೊಬ್ಬಳು "ಯಣ್ಣಾ, ಚಾವಿ ತರ್ಲೇನು?" ಅಂದಳು. ಅವನು ಆ ಸಂಜೆಯೊಳಗೆ ಹದಿನೇಳು ವಾಲ್ವೂ ತಿರುವಿದ.

ಇಲ್ಲಿಗೆ ಸುಖವಾಗಿದ್ದರು ಅಂತ ಎದ್ದುಬಿಡಬಹುದಿತ್ತು. ಆದರೆ ಮರುದಿನ ಹಾಜರಿ ಪುಸ್ತಕದಿಂದ ಗುಮಾಸ್ತ "ಭರಮಪ್ಪಾ" ಅಂತ ಕೂಗಿದ. ಕಾಯುವವನು ಓ ಅಂದು ಪುರಸಭೆಯ ಬಾಗಿಲಿಗೆ ಚಾವಿ ಅಡ್ಡ ಹಿಡಿದು ನಿಂತ. ಮಧ್ಯಾಹ್ನದವರೆಗೆ ಪಂಪಣ್ಣನನ್ನೇ ಒಳಗೆ ಬಿಡಲಿಲ್ಲ. ಬಾಳವ್ವನನ್ನು ಕರೆಸಿ, ಅವಳು ಅಂಗಳದಲ್ಲಿ ನಿಂತು ಓ ಅಂದಮೇಲೆ ಗಂಡ ತಿರುಗಿ ಬಂದ. ಆ ಮೂವರು ಹೋಗಿರಲಿಲ್ಲ. ತಲೆಯ ಬಾಗಿಲ ಹಿಂದೆ ಸರಿದು ಕೂತಿದ್ದರು, ಹೆಸರಿಗಾಗಿ ಕಿವಿ ನೆಟ್ಟು. ಪ್ರತಿ ಸಲವೂ ಅವನು ತಿರುಗಿ ಬರುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಅಂತ ಮೇಡಂ ಅಳೆದು ನೋಡಿ ಹೇಳಿದರು. ಯಂತ್ರ ಬಿಚ್ಚಿ ಬುಟ್ಟಿಗಳಲ್ಲಿ ತುಂಬಿದರು. ಗಾರೆಯನ್ನು ತಾವೇ ಹೊತ್ತು ಕೆರೆಯ ಏರಿಗೆ ಹಾಕಿ ಬಂದರು.

ಅವತ್ತಿನಿಂದ ಸುಣಗೇರಿಯಲ್ಲಿ ಅವನ ಹೆಸರು ಯಾರೂ ಹೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಬರೇ ಒಂದು ಗೆರೆ. ಅವನ ಅಣ್ಣ "ಕೇಳಿಲ್ಲಿ" ಅನ್ನುತ್ತಾನೆ, ಪಂಪಣ್ಣ "ಇವ್ರ" ಅನ್ನುತ್ತಾನೆ. ಊರಿಗೆ ಊರೇ ಅವನ ಹೆಂಡತಿಯ ಹಾಗೆ ನಾಚಿಕೊಂಡು ಓಡಾಡುತ್ತದೆ. ನಾಚಿಕೆಯೇನಲ್ಲ, ಹೆದರಿ. ಹೆಸರು ಹೇಳಿದ ಓಣಿಗೆ ಆ ತಿಂಗಳು ನೀರಿಲ್ಲ ಅಂತ ಬಾಳವ್ವ ಮಾರುಕಟ್ಟೆಯಲ್ಲಿ ನಿಂತು ಸಾರಿದ್ದಾಳೆ, ಚಾವಿ ಈಗ ರಾತ್ರಿಯೆಲ್ಲ ಅವಳ ಮಂಚದ ಕೆಳಗಿರುತ್ತದೆ.

ಆದರೂ ಬೇಸಿಗೆ ಬಂತೆಂದರೆ ಊರಿನ ನಾಲಿಗೆ ತುರಿಸುತ್ತದೆ. ನಾನೂರು ಹೆಜ್ಜೆ ನಡೆದು... ನಡೆದು ಎಲ್ಲಿಗೆ? ಎಡಕ್ಕೋ ಬಲಕ್ಕೋ? ಮೂಡಣಕ್ಕೆ ನಾನೂರು ಹೆಜ್ಜೆ ಎಲ್ಲರೂ ಅಳೆದು ನೋಡಿದ್ದಾರೆ. ಅಲ್ಲಿ ಬರೇ ಬಯಲು. ಉಳಿದರ್ಧ ಮಾತು ಆ ಮನುಷ್ಯನ ತಲೆಯೊಳಗೆ ಬೆಚ್ಚಗೆ ಕೂತಿದೆ. ಒಂದು ಸಲ ಕರೆದರೆ ಸಾಕು, ಮೂವರಲ್ಲಿ ಮುದುಕನೇ ಓ ಅಂದರೆ ಊರಿಗೆ ಮುಂದಿನ ಎಂಟುನೂರು ವರ್ಷ ನೀರು. ಅವನು ತಿರುಗಿ ಬರದಿದ್ದರೆ ಬಾಳವ್ವನ ಗತಿ ಏನು ಅನ್ನುತ್ತೀರಾ? ಅದನ್ನು ಕೇಳಿಯೇ ಊರಿನವರೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡದ್ದು. ನಾನೂ ಕರೆಯುವುದಿಲ್ಲ. ನನ್ನ ಮನೆ ಕುಂಬಾರ ಓಣಿಯಲ್ಲಿ.

ನೀವು ಹೊರಗಿನವರು. ನಿಮ್ಮ ನಳದ ಚಾವಿ ಬಾಳವ್ವನ ಮಂಚದ ಕೆಳಗಿಲ್ಲ. ಬೆಳಗಿನ ಬಸ್ಸಿಗೆ ಹೋದರೆ ಅವನು ಪಿಂಜಾರ ಓಣಿಯ ವಾಲ್ವಿನ ಹತ್ತಿರ ಬಗ್ಗಿರುತ್ತಾನೆ, ಅವಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿರುತ್ತಾಳೆ. ಹಿಂದಿನಿಂದ ಹೋಗಿ, ಒಂದೇ ಒಂದು ಸಲ, ಹೆಸರು ಹಿಡಿದು ಕರೆಯಿರಿ. ಮುದುಕ ಹೇಳಿದ್ದನ್ನು ಚೀಟಿಯಲ್ಲಿ ಬರೆದು ತಂದುಕೊಡಿ. ಯಾರು ಕಳಿಸಿದರು ಅಂತ ಕೇಳಿದರೆ ಮಾತ್ರ, ನೀವು ನನ್ನ ಮುಖವನ್ನೇ ನೋಡಿಲ್ಲ.